ಎರಡೇ ತಂಡಗಳ ಲೀಗಿನಿಂದ ಬಂದ ಹಿಮಕರಡಿಗಳು: ಬರ್ಲಿನ್‌ನಿಂದ ವೈಸ್‌ವಾಸರ್‌ವರೆಗೆ

ಜರ್ಮನಿಯ ಐಸ್ ಹಾಕಿಯ ಅಗ್ರ ಲೀಗಿಗೆ ಡಿಇಎಲ್ ಅಂತ ಹೆಸರು. ಶುರುವಾಗಿದ್ದು 1994ರಲ್ಲಿ. ಅದರಲ್ಲಿ 2025ರವರೆಗೆ 11 ಸಲ ಚಾಂಪಿಯನ್ ಆಗಿರುವ ತಂಡ ಐಸ್‌ಬೇರನ್ ಬರ್ಲಿನ್, ಅಂದರೆ ಬರ್ಲಿನ್‌ನ ಹಿಮಕರಡಿಗಳು. ಇಷ್ಟು ಸಲ ಗೆದ್ದ ತಂಡ ಇನ್ನೊಂದಿಲ್ಲ. ಆದರೆ ನನ್ನನ್ನು ಅಲ್ಲಿಗೆ ಎಳೆದಿದ್ದು ಈ ಕಪ್‌ಗಳಲ್ಲ. ಪೂರ್ವ ಜರ್ಮನಿ ಅನ್ನುವ ದೇಶ ಇದ್ದ ಕಾಲದಲ್ಲಿ ಇದೇ ಕ್ಲಬ್ಬು 1970ರಿಂದ 1990ರವರೆಗೆ, 20 ವರ್ಷ, ಲೀಗಿನಲ್ಲಿ ಒಂದೇ ಒಂದು ಎದುರಾಳಿಯ ವಿರುದ್ಧ ಆಡಿತ್ತು. ಇಡೀ ದೇಶದ ಅಗ್ರ ಲೀಗಿನಲ್ಲಿ ಇದ್ದದ್ದು ಎರಡೇ ತಂಡ. ಒಂದು ಸೋತರೆ ಇನ್ನೊಂದು ಚಾಂಪಿಯನ್. ಹೀಗೆ ಬದುಕಿದ ಒಂದು ಕ್ಲಬ್ಬು, ದೇಶವೇ ಇಲ್ಲವಾದ ಮೇಲೂ ಹೇಗೆ ಉಳಿಯಿತು ಅನ್ನೋದು ನನ್ನ ತಲೆಯಲ್ಲಿ ತುಂಬಾ ದಿನದಿಂದ ಕೂತಿತ್ತು.

ಅಕ್ಕ, ಭಾವ ಬರ್ಲಿನ್‌ನ ಫ್ರೀಡ್ರಿಷ್‌ಹೈನ್ ಬಡಾವಣೆಯಲ್ಲಿದ್ದಾರೆ. ಭಾವ ಐಟಿ ಕೆಲಸಕ್ಕೆ ಹೋದವರು, ಈಗ ನೀಲಿ, ಕೆಂಪು, ಬಿಳಿ ಬಣ್ಣದ ಮಫ್ಲರ್ ಸುತ್ತಿಕೊಳ್ಳದೆ ಶುಕ್ರವಾರ ಮನೆ ಬಿಡುವುದಿಲ್ಲ. ನವೆಂಬರಿನಲ್ಲಿ ರಜೆ ಹಾಕಿ ಹೊರಟೆ. ಇದು ಆ ಕೆಲವು ದಿನಗಳ ಕಥೆ.

ಗುರುವಾರ: ಕ್ರೀಡಾ ಅರಮನೆ ಇದ್ದ ಜಾಗ

ಮೊದಲು ನೋಡಬೇಕಿದ್ದದ್ದು ಪಶ್ಚಿಮ ಬರ್ಲಿನ್. ಹಿಮಕರಡಿಗಳಿಗಿಂತ ಎಷ್ಟೋ ಮುಂಚೆ ಈ ಊರಲ್ಲಿ ಐಸ್ ಹಾಕಿ ಇತ್ತು, ಅದನ್ನು ಬಿಟ್ಟು ನೇರ ಪೂರ್ವಕ್ಕೆ ಹೋದರೆ ಅರ್ಧ ಕಥೆ ತಪ್ಪಿಹೋಗುತ್ತದೆ ಅಂತ ಭಾವ ಪಟ್ಟು ಹಿಡಿದರು.

ಶ್ಯೋನೆಬರ್ಗ್‌ನಲ್ಲಿ ಪೋಟ್ಸ್‌ಡಾಮರ್ ರಸ್ತೆಯಲ್ಲಿ ನಡೆದರೆ ಪಲ್ಲಾಸಿಯಂ ಅನ್ನುವ ದೊಡ್ಡ ವಸತಿ ಕಟ್ಟಡ ಸಿಗುತ್ತದೆ. 1970ರ ದಶಕದ ಕಾಂಕ್ರೀಟು, ಸಾಲುಸಾಲು ಬಾಲ್ಕನಿ, ಪ್ರತಿ ಬಾಲ್ಕನಿಯಲ್ಲೂ ಡಿಶ್ ಆಂಟೆನಾ. ಇಲ್ಲಿ 1910ರಿಂದ 1973ರವರೆಗೆ ಶ್ಪೋರ್ಟ್‌ಪಲಾಸ್ಟ್ ಇತ್ತು. ಕೃತಕ ಮಂಜುಗಡ್ಡೆಯ ಅಂಕಣ ಇದ್ದ ಭಾರಿ ಹಾಲ್. ಸೈಕಲ್ ರೇಸ್, ಬಾಕ್ಸಿಂಗ್, ಐಸ್ ಹಾಕಿ ಎಲ್ಲಾ ಇಲ್ಲೇ. 1943ರ ಫೆಬ್ರವರಿಯಲ್ಲಿ ಹಿಟ್ಲರನ ಪ್ರಚಾರ ಮಂತ್ರಿ ಗೊಬೆಲ್ಸ್ ಸಂಪೂರ್ಣ ಯುದ್ಧ ಬೇಕಾ ಅಂತ ಕೂಗಿ ಕೇಳಿದ ಭಾಷಣವೂ ಇಲ್ಲೇ ನಡೆದದ್ದು. ಹೆಚ್ಚಿನವರಿಗೆ ಈ ಜಾಗ ಗೊತ್ತಿರುವುದೇ ಆ ಭಾಷಣದಿಂದ.

ಹಾಕಿಯವರಿಗೆ ಇದು ಬರ್ಲೀನರ್ ಶ್ಲಿಟ್‌ಶೂಕ್ಲುಬ್‌ನ ಮನೆ. 1893ರಲ್ಲಿ ಹುಟ್ಟಿದ ಕ್ಲಬ್ಬು, 1912ರಲ್ಲಿ ಜರ್ಮನಿಯ ಮೊದಲ ಚಾಂಪಿಯನ್. ಗುಸ್ಟಾವ್ ಯೆನೆಕೆ ಮತ್ತು ರೂಡಿ ಬಾಲ್ ಇಲ್ಲಿ ಆಡಿದವರು, ಇಬ್ಬರೂ 1932ರ ಲೇಕ್ ಪ್ಲಾಸಿಡ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದರು. ರೂಡಿ ಬಾಲ್ ಯಹೂದಿ ಮೂಲದವನು. ಹಿಟ್ಲರ್ ಬಂದ ಮೇಲೆ ದೇಶ ಬಿಟ್ಟು ಸ್ವಿಟ್ಜರ್ಲೆಂಡ್, ಇಟಲಿಯಲ್ಲಿ ಆಡಿದ. ಆದರೂ 1936ರ ಗಾರ್ಮಿಷ್ ಒಲಿಂಪಿಕ್ಸ್‌ಗೆ ಜರ್ಮನ್ ತಂಡಕ್ಕೆ ಅವನೇ ಬೇಕಾದ. ಅವನಿಲ್ಲದೆ ತಂಡ ಕಟ್ಟುವುದು ಕಷ್ಟ ಅಂತ ಎಲ್ಲರಿಗೂ ಗೊತ್ತಿತ್ತು. ಯುದ್ಧ ಮುಗಿದ ಮೇಲೆ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಅಲ್ಲೇ ತೀರಿಕೊಂಡ. ಅಷ್ಟು ಚಿಕ್ಕ ಆಕಾರದ, ಅಷ್ಟು ಚುರುಕಿನ ಆಟಗಾರನ ಬಗ್ಗೆ ಓದಿದ್ದನ್ನೆಲ್ಲಾ ನೆನೆಸಿಕೊಂಡು ಆ ಬಾಲ್ಕನಿಗಳ ಕೆಳಗೆ ಸ್ವಲ್ಪ ಹೊತ್ತು ನಿಂತಿದ್ದೆ. ಅಂಗಳದಲ್ಲಿ ಹುಡುಗರು ಫುಟ್‌ಬಾಲ್ ಆಡುತ್ತಿದ್ದರು.

ಪಶ್ಚಿಮ ಬರ್ಲಿನ್‌ನ ಹಾಕಿ ಆಮೇಲೆ ಏನಾಯಿತು? ಶ್ಲಿಟ್‌ಶೂಕ್ಲುಬ್ 1974 ಮತ್ತು 1976ರಲ್ಲಿ ಮತ್ತೆ ಚಾಂಪಿಯನ್ ಆಯಿತು, ಸಾಲದಲ್ಲಿ ಮುಳುಗಿತು. ಅದರ ಜಾಗದಲ್ಲಿ 1983ರಲ್ಲಿ ಪ್ರಾಯ್ಸನ್ ಅನ್ನುವ ಕ್ಲಬ್ಬು ಬಂತು, ಕೊನೆಗೆ ಅದೇ ಬರ್ಲಿನ್ ಕ್ಯಾಪಿಟಲ್ಸ್ ಆಯಿತು. 2002ರಲ್ಲಿ ಅದೂ ದುಡ್ಡಿಲ್ಲದೆ ಅಗ್ರ ಲೀಗಿನಿಂದ ಹೊರಬಿತ್ತು. ಊರನ್ನು ಪೂರ್ವ, ಪಶ್ಚಿಮ ಅಂತ ಸೀಳಿದ್ದ ಬರ್ಲಿನ್ ಗೋಡೆ ಬಿದ್ದಾಗ ಯಾರನ್ನು ಕೇಳಿದ್ದರೂ ಶ್ರೀಮಂತ ಪಶ್ಚಿಮದ ಕ್ಲಬ್ಬೇ ಉಳಿಯುತ್ತದೆ, ಪೂರ್ವದ್ದು ಹೋಗುತ್ತದೆ ಅಂತಿದ್ದರು. ಆದದ್ದು ತಿರುಗುಮುರುಗು.

ಶುಕ್ರವಾರ: 14 ಸಾವಿರ ಜನರ ಹಾಲ್

ಅಕ್ಕನ ಮನೆಯಿಂದ ನಡೆದುಕೊಂಡೇ ಹೋಗಬಹುದು ಊಬರ್ ಅರೀನಾಕ್ಕೆ. ದಾರಿಯಲ್ಲಿ ಸ್ಪ್ರೇ ನದಿ ದಡದಲ್ಲಿ ಬರ್ಲಿನ್ ಗೋಡೆಯ ಉಳಿದ ಉದ್ದನೆಯ ತುಂಡು, ಸುಮಾರು 1.3 ಕಿಲೋಮೀಟರ್, ಈಸ್ಟ್ ಸೈಡ್ ಗ್ಯಾಲರಿ. ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುತ್ತಿದ್ದರೆ, ಪಕ್ಕದಲ್ಲೇ ಜರ್ಸಿ ಹಾಕಿದವರ ಗುಂಪು ಹಾಡುತ್ತಾ ಹಾಲ್ ಕಡೆ ಹೋಗುತ್ತಿತ್ತು.

ಈ ಹಾಲ್ ತೆರೆದದ್ದು 2008ರ ಸೆಪ್ಟೆಂಬರಿನಲ್ಲಿ. ಹೆಸರು ಆಗಾಗ ಬದಲಾಗಿದೆ, ಮೊದಲು ಓ2 ವರ್ಲ್ಡ್, ಆಮೇಲೆ ಮರ್ಸಿಡಿಸ್ ಬೆಂಜ್ ಅರೀನಾ, 2024ರಿಂದ ಊಬರ್. ಹಾಕಿಗೆ 14,200 ಜನ ಹಿಡಿಯುತ್ತದೆ. ಕಟ್ಟಿದ್ದು ಅಮೆರಿಕದ ಆನ್‌ಶುಟ್ಸ್ ಕಂಪನಿ, ಲಾಸ್ ಏಂಜಲಿಸ್ ಕಿಂಗ್ಸ್ ತಂಡದ ಮಾಲೀಕರು. 1999ರಲ್ಲಿ ಅವರು ಐಸ್‌ಬೇರನ್ ತಂಡವನ್ನೂ ಕೊಂಡರು. ಆ ದುಡ್ಡು ಬರದಿದ್ದರೆ ಕ್ಲಬ್ಬು ಉಳಿಯುತ್ತಿತ್ತಾ ಅಂದರೆ ಭಾವನೂ ತಲೆ ಅಲ್ಲಾಡಿಸುತ್ತಾರೆ. ಅದೇ ಕಂಪನಿ ಹ್ಯಾಂಬರ್ಗ್ ಫ್ರೀಜರ್ಸ್ ಅನ್ನುವ ತನ್ನ ಇನ್ನೊಂದು ತಂಡವನ್ನು 2016ರಲ್ಲಿ ಮುಚ್ಚಿಬಿಟ್ಟಿತು. ಹಾಗಾಗಿ ಇಲ್ಲಿನ ಅಭಿಮಾನಿಗಳಿಗೆ ಮಾಲೀಕರ ಮೇಲೆ ಕೃತಜ್ಞತೆಯೂ ಇದೆ, ಒಂದು ಎಚ್ಚರಿಕೆಯೂ ಇದೆ.

ಐಸ್ ಹಾಕಿ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಒಂದು ಸಲಕ್ಕೆ ಪ್ರತಿ ತಂಡದಿಂದ ಐದು ಜನ ಮತ್ತು ಒಬ್ಬ ಗೋಲ್‌ಕೀಪರ್. 20 ನಿಮಿಷದ ಮೂರು ಪೀರಿಯಡ್. ಚೆಂಡಿನ ಬದಲು ಪಕ್, ಸುಮಾರು 160, 170 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ. ಆಟಗಾರರು ಮುಕ್ಕಾಲು ನಿಮಿಷದಷ್ಟು ಪೂರ್ತಿ ಜೋರಿನಲ್ಲಿ ಆಡಿ, ಆಟ ನಿಲ್ಲಿಸದೆಯೇ ಬೆಂಚಿಗೆ ಹಾರಿ ಬರುತ್ತಾರೆ, ಹೊಸಬರು ಹಾರಿ ಒಳಗೆ ಹೋಗುತ್ತಾರೆ. ಟಿವಿಯಲ್ಲಿ ಪಕ್ ಕಾಣುವುದೇ ಕಷ್ಟ. ಹಾಲ್‌ನಲ್ಲಿ ಹಾಗಲ್ಲ, ಸ್ಕೇಟಿನ ಬ್ಲೇಡು ಮಂಜನ್ನು ಕೊರೆಯುವ ಸದ್ದು, ಗಾಜಿಗೆ ಮೈ ಬಡಿಯುವ ಸದ್ದು, ಎಲ್ಲಾ ಎದೆಗೇ ಬರುತ್ತದೆ.

ಆಟ ಶುರುವಾಗುವ ಮೊದಲು ಮೇಲೆ ನೋಡಿದರೆ ಛಾವಣಿಯಲ್ಲಿ ಹಳೆಯ ಆಟಗಾರರ ಜರ್ಸಿಗಳು. 11ನೇ ನಂಬರ್ ಸ್ವೆನ್ ಫೆಲ್ಸ್ಕಿಯದು. ಪೂರ್ವ ಬರ್ಲಿನ್‌ನಲ್ಲೇ ಹುಟ್ಟಿ, ಮಕ್ಕಳ ತಂಡದಿಂದ ಬೆಳೆದು, 1992ರಿಂದ 2012ರವರೆಗೆ 20 ವರ್ಷ ಇದೊಂದೇ ಕ್ಲಬ್ಬಿಗೆ ಆಡಿದವನು. ತಂಡ ಲೀಗಿನ ತಳದಲ್ಲಿ ಒದ್ದಾಡುತ್ತಿದ್ದಾಗಲೂ ಇದ್ದ, ಕಪ್ ಮೇಲೆ ಕಪ್ ಬಂದಾಗಲೂ ಇದ್ದ. ಅಭಿಮಾನಿಗಳಿಗೆ ಅವನು ಸ್ಟಾರ್ ಅನ್ನುವುದಕ್ಕಿಂತ ನಮ್ಮ ಬೀದಿಯ ಹುಡುಗ.

ಕಪ್‌ಗಳ ಕಾಲ ಶುರುವಾಗಿದ್ದು 2005ರಲ್ಲಿ. ಆ ವರ್ಷ ಅಮೆರಿಕ, ಕೆನಡಾದ ಎನ್‌ಎಚ್‌ಎಲ್ ಲೀಗಿನಲ್ಲಿ ಮಾಲೀಕರಿಗೂ ಆಟಗಾರರಿಗೂ ಜಗಳವಾಗಿ ಇಡೀ ಸೀಸನ್ ರದ್ದಾಗಿತ್ತು. ಎರಿಕ್ ಕೋಲ್, ಗೋಲ್‌ಕೀಪರ್ ಓಲಾಫ್ ಕೋಲ್‌ಜಿಗ್ ಇಂಥವರು ಬರ್ಲಿನ್‌ಗೆ ಬಂದು ಆಡಿದರು. ಕೋಚ್ ಪಿಯರ್ ಪಾಜೆ ಕೈಯಲ್ಲಿ 2005, 2006 ಎರಡೂ ಗೆದ್ದರು. ಆಮೇಲೆ ಡಾನ್ ಜಾಕ್ಸನ್ ಬಂದು 2008, 2009, 2011, 2012, 2013, ಐದು ಕಪ್ ತಂದ. 2012ರ ಕೊನೆಯಲ್ಲಿ ಎನ್‌ಎಚ್‌ಎಲ್ ಮತ್ತೆ ನಿಂತಾಗ ಕ್ಲೋಡ್ ಜಿರೂ ಮತ್ತು ಡ್ಯಾನಿಯಲ್ ಬ್ರಿಯೇರ್ ಇದೇ ಹಾಲ್‌ನಲ್ಲಿ ಆಡಿದ್ದನ್ನು ಇಲ್ಲಿನವರು ಇನ್ನೂ ಮರೆತಿಲ್ಲ.

ಭಾವನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು 2012ರ ಫೈನಲ್. ಐದು ಪಂದ್ಯದ ಸರಣಿ, ಎದುರಾಳಿ ಮಾನ್‌ಹೈಮ್ ಊರಿನ ತಂಡ 2-1 ಮುಂದಿತ್ತು. ನಾಲ್ಕನೇ ಪಂದ್ಯ ಮಾನ್‌ಹೈಮ್‌ನಲ್ಲೇ. ಕೊನೆಯ ಪೀರಿಯಡ್ಡಿನಲ್ಲಿ ಮಾನ್‌ಹೈಮ್ 5-2. ಊರಿಗೆ ಊರೇ ಸಂಭ್ರಮಕ್ಕೆ ತಯಾರು. ಆಗ ಬರ್ಲಿನ್ ಮೂರು ಗೋಲು ಹೊಡೆದು ಸರಿಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ 6-5 ಗೆದ್ದು, ಐದನೇ ಪಂದ್ಯಕ್ಕೆ ಮನೆಗೆ ಬಂದು ಕಪ್ ಎತ್ತಿಬಿಟ್ಟಿತು. ಭಾವ ಆಗ ಜರ್ಮನಿಗೇ ಬಂದಿರಲಿಲ್ಲ. ಆದರೂ ಪಕ್ಕದ ಸೀಟಿನವರ ಹತ್ತಿರ ಹತ್ತಾರು ಸಲ ಕೇಳಿ, ತಾವೇ ನೋಡಿದಷ್ಟು ವಿವರವಾಗಿ ಹೇಳುತ್ತಾರೆ.

ಆ ಗೆಲುವುಗಳಿಗೆ ಕೊಟ್ಟ ಬೆಲೆಯೂ ಇದೆ. ಆ ಕಾಲದ ನಾಯಕರಲ್ಲೊಬ್ಬ ಸ್ಟೆಫಾನ್ ಉಸ್ಟೋರ್ಫ್, ಎನ್‌ಎಚ್‌ಎಲ್‌ನಲ್ಲೂ ಆಡಿದವನು. 2011ರ ಡಿಸೆಂಬರಿನಲ್ಲಿ ತಲೆಗೆ ಬಿದ್ದ ಪೆಟ್ಟಿನ ಮೇಲೆ ಮತ್ತೆ ಆಡಲಾಗಲಿಲ್ಲ. ತಲೆನೋವು, ಮರೆವು, ಬೆಳಕು ತಡೆಯಲಾಗದ ಸ್ಥಿತಿ, ಇದನ್ನೆಲ್ಲಾ ಅವನು ವರ್ಷಗಟ್ಟಲೆ ಬಹಿರಂಗವಾಗಿ ಹೇಳುತ್ತಾ ಬಂದಿದ್ದಾನೆ. ಗಾಜಿಗೆ ಮೈ ಬಡಿದಾಗ ಚಪ್ಪಾಳೆ ಹೊಡೆಯುವ ನಾವು ಇದನ್ನೂ ತಿಳಿದಿರಬೇಕು.

ಶುಕ್ರವಾರ ರಾತ್ರಿ ಹಾಲ್‌ನಲ್ಲಿ ಎಲ್ಲಿ ನೋಡಿದರೂ 22ನೇ ನಂಬರಿನ ಜರ್ಸಿ ಕಾಣುತ್ತಿತ್ತು. ಅದು ಟೋಬಿಯಾಸ್ ಏಡರ್‌ದು. 2023ರಲ್ಲಿ ತಂಡಕ್ಕೆ ಬಂದ, 2024ರಲ್ಲಿ ಕಪ್ ಗೆದ್ದ. ಅದೇ ಬೇಸಿಗೆಯಲ್ಲಿ ಸೀಸನ್‌ಗೆ ಮುಂಚೆ ಮಾಡುವ ವೈದ್ಯಕೀಯ ತಪಾಸಣೆಯಲ್ಲಿ ಕ್ಯಾನ್ಸರ್ ಇರುವುದು ಗೊತ್ತಾಯಿತು. 2025ರ ಜನವರಿ 29ರಂದು ತೀರಿಕೊಂಡ. 26 ವರ್ಷ ವಯಸ್ಸು. ತಂಡ ಮೂರು ತಿಂಗಳೊಳಗೆ ಫೈನಲ್‌ನಲ್ಲಿ ಕೋಲೋನ್ ತಂಡವನ್ನು 4-1ರಿಂದ ಸೋಲಿಸಿತು, ಆಟಗಾರರು ಅವನ ಜರ್ಸಿ ಹಿಡಿದೇ ಕಪ್ ಎತ್ತಿದರು. ಪಕ್ಕದಲ್ಲಿ ಕೂತಿದ್ದ ಒಬ್ಬ ಹೆಂಗಸು ಇದನ್ನು ಹೇಳುವಾಗ ಮಾತು ನಿಲ್ಲಿಸಿ ನೀರು ಕುಡಿದರು. ಭಾವ ಅನುವಾದ ಮಾಡುವುದನ್ನು ಅಲ್ಲಿಗೇ ಬಿಟ್ಟರು.

ಆಟದ ಮಧ್ಯೆ ಒಂದು ಕೂಗು ಎದ್ದಿತು. ನಿಂತು ನೋಡುವ ಕಡೆಯಿಂದ ಶುರುವಾಗಿ ಇಡೀ ಹಾಲ್‌ಗೆ ಹರಡಿತು: ಡೈನಮೋ, ಡೈನಮೋ! ಈ ಕ್ಲಬ್ಬಿಗೆ ಆ ಹೆಸರು ಇಲ್ಲವಾಗಿ 30 ವರ್ಷದ ಮೇಲಾಯಿತು. ಅದು ಯಾಕೆ ಇನ್ನೂ ಬದುಕಿದೆ ಅಂತ ತಿಳಿಯಲು ಮಾರನೇ ದಿನ ಹೊರಟೆವು.

ಶನಿವಾರ: ಮಂತ್ರಿಯ ಕಚೇರಿ, ತಗಡಿನ ಅರಮನೆ, ಜೈಲು

ಬೆಳಿಗ್ಗೆ ಯು5 ಮೆಟ್ರೋದಲ್ಲಿ ಮಗ್ದಲೇನನ್ ರಸ್ತೆ ನಿಲ್ದಾಣ. ಹತ್ತಿರದಲ್ಲೇ ಸ್ಟಾಸಿಯ ಮುಖ್ಯ ಕಚೇರಿ ಇದ್ದ ಕಟ್ಟಡಗಳು, ಈಗ ಮ್ಯೂಸಿಯಂ. ಸ್ಟಾಸಿ ಅಂದರೆ ಪೂರ್ವ ಜರ್ಮನಿಯ ಗುಪ್ತ ಪೊಲೀಸ್. 1957ರಿಂದ 1989ರವರೆಗೆ ಅದರ ಮಂತ್ರಿ ಎರಿಷ್ ಮೀಲ್ಕೆ. ಅವನ ಕಚೇರಿಯನ್ನು ಹಾಗೇ ಇಟ್ಟಿದ್ದಾರೆ. ಮರದ ಹಲಗೆ ಹೊದಿಸಿದ ಗೋಡೆ, ಸಾಲು ಟೆಲಿಫೋನು, ನೀಲಿ ಕುರ್ಚಿಗಳ ಮೀಟಿಂಗ್ ರೂಮ್. 1990ರ ಜನವರಿ 15ರಂದು ಜನ ನುಗ್ಗಿದ್ದು ಈ ಆವರಣಕ್ಕೇ.

ಐಸ್ ಹಾಕಿಗೂ ಇದಕ್ಕೂ ಏನು ಸಂಬಂಧ? ನೇರ ಸಂಬಂಧ. ಪೂರ್ವ ಜರ್ಮನಿಯಲ್ಲಿ ಪೊಲೀಸ್ ಮತ್ತು ಸ್ಟಾಸಿಯ ಕ್ರೀಡಾ ಸಂಘಕ್ಕೆ ಡೈನಮೋ ಅಂತ ಹೆಸರು, ಶುರುವಾಗಿದ್ದು 1953ರಲ್ಲಿ, ಅಧ್ಯಕ್ಷ ಕೊನೆಯವರೆಗೂ ಮೀಲ್ಕೆ. ಅದರ ಬರ್ಲಿನ್ ಕ್ಲಬ್ಬು 1954ರಲ್ಲಿ ಹುಟ್ಟಿತು. ಇಂದಿನ ಹಿಮಕರಡಿಗಳ ಮೂಲ ಅದೇ.

1960ರ ದಶಕದಲ್ಲಿ ಪೂರ್ವ ಜರ್ಮನಿಯ ಹಾಕಿ ಚೆನ್ನಾಗೇ ಬೆಳೆಯುತ್ತಿತ್ತು. 1966ರಲ್ಲಿ ಯುರೋಪ್ ಮಟ್ಟದಲ್ಲಿ ಕಂಚು ಸಿಕ್ಕಿತು. ಆ ತಂಡದ ಜೀವಾಳ ಯೋಆಖಿಮ್ ಜೀಷೆ, ಡೈನಮೋ ಬರ್ಲಿನ್‌ನವನು, ಆಮೇಲೆ ಕೋಚ್ ಆಗಿಯೂ ಕ್ಲಬ್ಬನ್ನು ನಡೆಸಿದ. ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಹಾಲ್ ಆಫ್ ಫೇಮ್‌ನಲ್ಲಿ ಅವನ ಹೆಸರಿದೆ. ಇಷ್ಟಿದ್ದರೂ 1970ರಲ್ಲಿ ಸರ್ಕಾರ ಕತ್ತರಿ ಹಾಕಿತು. ಲೆಕ್ಕ ಸರಳ. ಐಸ್ ಹಾಕಿಗೆ 20 ಆಟಗಾರರು ಬೇಕು, ಹಾಲ್ ಬೇಕು, ಸಾಮಾನಿಗೆ ಬೇರೆ ದೇಶದ ಕರೆನ್ಸಿ ಬೇಕು, ಇಷ್ಟೆಲ್ಲಾ ಸುರಿದು ಒಲಿಂಪಿಕ್ಸ್‌ನಲ್ಲಿ ಸಿಕ್ಕರೆ ಒಂದೇ ಪದಕ. ಅದೇ ದುಡ್ಡಲ್ಲಿ ಈಜು, ಓಟ, ಜಾರುಬಂಡಿ ಬೆಳೆಸಿದರೆ ಪದಕಗಳ ರಾಶಿ. ಹೀಗೆ ಡ್ರೆಸ್ಡನ್, ಎರ್‌ಫುರ್ಟ್, ಕ್ರಿಮಿಚೌ, ರೊಸ್ಟೊಕ್, ಎಲ್ಲಾ ಕಡೆ ಉನ್ನತ ಮಟ್ಟದ ಹಾಕಿ ನಿಂತಿತು. ಉಳಿದದ್ದು ಡೈನಮೋ ಬರ್ಲಿನ್ ಮತ್ತು ವೈಸ್‌ವಾಸರ್ ಅನ್ನುವ ಚಿಕ್ಕ ಊರಿನ ಡೈನಮೋ ವೈಸ್‌ವಾಸರ್. ಯಾಕೆ ಇವೆರಡು ಉಳಿದವು ಅಂದರೆ ಎರಡೂ ಮೀಲ್ಕೆಯ ಸಂಘದವು, ಮತ್ತು ಮೀಲ್ಕೆಗೆ ಐಸ್ ಹಾಕಿ ಇಷ್ಟ. ಆ ಕಚೇರಿಯ ಬಾಗಿಲಲ್ಲಿ ನಿಂತು ಇದನ್ನು ಯೋಚಿಸಿದರೆ ಮೈ ಜುಂ ಅನ್ನುತ್ತದೆ. ಲಕ್ಷಾಂತರ ಜನರ ಬದುಕನ್ನು ಫೈಲಿನಲ್ಲಿ ಬರೆಸಿದ ಮನುಷ್ಯನ ಇಷ್ಟದಿಂದ ಒಂದು ಆಟ ಉಳಿಯಿತು. ಅವನ ಇಷ್ಟ ಇನ್ನೊಂದು ಕಡೆ ಇದ್ದಿದ್ದರೆ ಇವತ್ತು ಈ ಕ್ಲಬ್ಬೇ ಇರುತ್ತಿರಲಿಲ್ಲ.

ಮಧ್ಯಾಹ್ನ ಟ್ರಾಮ್ ಹಿಡಿದು ಹೋಹೆನ್‌ಶ್ಯೋನ್‌ಹೌಸನ್ ಕಡೆ ಹೋದೆವು. ಅಲ್ಲಿ ಶ್ಪೋರ್ಟ್‌ಫೋರಂ ಅನ್ನುವ ದೊಡ್ಡ ಕ್ರೀಡಾ ಆವರಣ. ಅದರೊಳಗೆ ವೆಲ್‌ಬ್ಲೆಷ್‌ಪಲಾಸ್ಟ್, ತಗಡು ಶೀಟಿನ ಅರಮನೆ. ಪ್ರೀತಿಯಿಂದ ಎಲ್ಲರೂ ವೆಲ್ಲಿ ಅಂತಾರೆ. 1960ರ ದಶಕದಿಂದ 2008ರವರೆಗೆ ತಂಡ ಆಡಿದ್ದು ಇಲ್ಲೇ. 5 ಸಾವಿರ ಜನಕ್ಕೂ ಜಾಗ ಇಲ್ಲ. ಈಗ ಇಲ್ಲಿ ಮಕ್ಕಳ, ಯುವಕರ, ಹೆಂಗಸರ ತಂಡಗಳು ಆಡುತ್ತವೆ.

ನಾವು ಹೋದಾಗ ಹುಡುಗರ ಪಂದ್ಯವೊಂದು ನಡೆಯುತ್ತಿತ್ತು. ತಂದೆತಾಯಿಗಳು ಥರ್ಮಾಸ್ ಹಿಡಿದು ಕಾಂಕ್ರೀಟ್ ಮೆಟ್ಟಿಲ ಮೇಲೆ ನಿಂತಿದ್ದರು. ಕೂರಲು ಸೀಟು ಕಡಿಮೆ, ಛಾವಣಿ ತಗ್ಗು, ಚಳಿ ಹೊರಗಿಗಿಂತ ಜಾಸ್ತಿ. ಒಂದು ಮಗು ಕೂಗಿದರೂ ಇಡೀ ಹಾಲ್‌ಗೆ ಕೇಳುತ್ತದೆ. ಇಲ್ಲಿ 4 ಸಾವಿರಕ್ಕೂ ಜಾಸ್ತಿ ಜನ ಒತ್ತಿ ನಿಂತು ಹಾಡಿದರೆ ಎದುರಾಳಿಗೆ ಏನಾಗುತ್ತಿತ್ತು ಅಂತ ಊಹಿಸಬಹುದು. ನಿನ್ನೆ ನೋಡಿದ 14 ಸಾವಿರದ ಹಾಲ್ ಚಂದವೇ, ಅನುಮಾನವಿಲ್ಲ. ಆದರೆ ನನಗೆ ಕ್ಲಬ್ಬು ಅರ್ಥವಾಗಿದ್ದು ಇಲ್ಲಿ.

ಎರಡೇ ತಂಡದ ಆ 20 ವರ್ಷ ಇಲ್ಲೇ ಕಳೆದದ್ದು. ಗೋಲ್‌ಕೀಪರ್ ರೆನೆ ಬೀಲ್ಕೆ, ಡಿಫೆನ್ಸ್‌ನಲ್ಲಿ ಡೀಟರ್ ಫ್ರೆಂಜೆಲ್, ಡೀಟ್‌ಮಾರ್ ಪೀಟರ್ಸ್, ಇವರೆಲ್ಲಾ ವರ್ಷವಿಡೀ ಅದೇ ಎದುರಾಳಿಗಳ ಮುಖ ನೋಡಿದವರು. ಯಾರು ಎಡಕ್ಕೆ ತಿರುಗುತ್ತಾನೆ, ಯಾರು ಯಾವ ಕೋನದಿಂದ ಹೊಡೆಯುತ್ತಾನೆ, ಎಲ್ಲಾ ಬಾಯಿಪಾಠ. ಲೀಗ್ ಮುಗಿದ ಮೇಲೆ ಅದೇ ಎದುರಾಳಿಗಳ ಜೊತೆ ಒಂದೇ ಜರ್ಸಿ ಹಾಕಿ ರಾಷ್ಟ್ರೀಯ ತಂಡದಲ್ಲಿ ಆಡಬೇಕು, ಯಾಕಂದರೆ ದೇಶಕ್ಕೆ ಆಟಗಾರರನ್ನು ಆರಿಸಲು ಇದ್ದದ್ದೇ ಎರಡು ತಂಡ. ಇಷ್ಟು ಸಣ್ಣ ಗುಂಪಿನಿಂದ ಬಂದ ತಂಡ 1983 ಮತ್ತು 1985ರಲ್ಲಿ ವಿಶ್ವ ಚಾಂಪಿಯನ್‌ಶಿಪ್‌ನ ಮೇಲಿನ ಎಂಟು ತಂಡಗಳ ಗುಂಪಿನಲ್ಲಿ ಆಡಿತು. ಸೋವಿಯತ್, ಚೆಕೊಸ್ಲೊವಾಕಿಯಾ, ಕೆನಡಾ ಇರುವ ಗುಂಪು ಅದು. ಇದನ್ನು ನಾನು ಯಾವ ಡಿಇಎಲ್ ಕಪ್ಪಿಗಿಂತಲೂ ದೊಡ್ಡ ಸಾಧನೆ ಅಂತೀನಿ. ಭಾವ ಒಪ್ಪಲ್ಲ.

ಗೋಡೆ ಬಿದ್ದ ಮೇಲೆ 1990ರಲ್ಲಿ ಎರಡೂ ಡೈನಮೋಗಳನ್ನು ಪಶ್ಚಿಮದ ಅಗ್ರ ಲೀಗಾಗಿದ್ದ ಬುಂಡೆಸ್‌ಲೀಗಾಕ್ಕೆ ಸೇರಿಸಿಕೊಂಡರು. ಬರ್ಲಿನ್ ಮೊದಲ ಸೀಸನ್ನಿನಲ್ಲೇ ಕೆಳಗಿನ ಲೀಗಿಗೆ ಬಿತ್ತು, 1992ರಲ್ಲಿ ಮೇಲೆ ಬಂತು. ಅದೇ ವರ್ಷ ಹೆಸರೂ ಬದಲಾಯಿತು. ಡೈನಮೋ ಅನ್ನುವ ಹೆಸರಿಗೆ ಯಾವ ಕಂಪನಿ ಜಾಹೀರಾತು ಕೊಡುತ್ತದೆ, ಅಲ್ವಾ? ಹಾಗಾಗಿ ಊರಿನ ಲಾಂಛನದ ಕರಡಿ ಹಿಮಕರಡಿಯಾಯಿತು. ಬವೇರಿಯಾದ ಲೊರೆಂಜ್ ಫುಂಕ್ ಮ್ಯಾನೇಜರ್ ಆಗಿ ಬಂದ. ಆಮೇಲೆ ಎನ್‌ಎಚ್‌ಎಲ್‌ನಲ್ಲಿ ಆಡಿದ್ದ ಪೀಟರ್ ಜಾನ್ ಲೀ ಕೋಚ್ ಆಗಿ, ಮತ್ತೆ ಮ್ಯಾನೇಜರ್ ಆಗಿ ಕ್ಲಬ್ಬನ್ನು ಕಟ್ಟಿದ. 1998ರಲ್ಲಿ ತಂಡ ಮೊದಲ ಸಲ ಡಿಇಎಲ್ ಫೈನಲ್ ತಲುಪಿತು, ಮಾನ್‌ಹೈಮ್‌ಗೆ ಸೋತಿತು.

ಆ ವರ್ಷಗಳಲ್ಲಿ ಪೂರ್ವ ಬರ್ಲಿನ್‌ನ ಕಾರ್ಖಾನೆಗಳು ಮುಚ್ಚುತ್ತಿದ್ದವು, ಕೆಲಸ ಹೋಗುತ್ತಿತ್ತು, ಅಂಗಡಿಯಲ್ಲಿನ ಬಿಸ್ಕತ್ತಿನ ಬ್ರಾಂಡಿನಿಂದ ಹಿಡಿದು ಬೀದಿಯ ಹೆಸರಿನವರೆಗೆ ಎಲ್ಲಾ ಬದಲಾಗುತ್ತಿತ್ತು. ವೆಲ್ಲಿ ಮಾತ್ರ ಅಲ್ಲೇ ಇತ್ತು, ಅದೇ ತಗಡಿನ ಕೆಳಗೆ ಅದೇ ಜನ. ಥರ್ಮಾಸ್ ಹಿಡಿದಿದ್ದ ಅಜ್ಜ ಒಬ್ಬರು ಭಾವನಿಗೆ ಹೇಳಿದ್ದು ಇಷ್ಟು: ಡೈನಮೋ ಅಂತ ಕೂಗುವಾಗ ನಾವು ಮೀಲ್ಕೆಯನ್ನು ಕೂಗುತ್ತಿಲ್ಲ, ನಮ್ಮ ಅಪ್ಪ ಕೈ ಹಿಡಿದು ಕರೆತಂದ ಹಾಲನ್ನು ಕೂಗುತ್ತೇವೆ. ನನಗೆ ಆ ಮಾತು ಒಪ್ಪಿಗೆಯಾಯಿತು. ಪೂರ್ತಿ ಒಪ್ಪಿಗೆಯಾಯಿತಾ? ಮುಂದಿನ ಜಾಗ ನೋಡಿದ ಮೇಲೆ ಅಷ್ಟು ಸುಲಭವಾಗಿ ಹೇಳಲಾರೆ.

ಯಾಕಂದರೆ ಅಲ್ಲಿಂದ ಸ್ವಲ್ಪ ದೂರದಲ್ಲೇ ಗೆನ್ಸ್‌ಲರ್ ರಸ್ತೆಯಲ್ಲಿ ಸ್ಟಾಸಿಯ ಜೈಲು. 1951ರಿಂದ 1989ರವರೆಗೆ ಇಲ್ಲಿ ರಾಜಕೀಯ ಕೈದಿಗಳನ್ನು ಇಟ್ಟು ವಿಚಾರಣೆ ಮಾಡುತ್ತಿದ್ದರು, ನಗರದ ನಕ್ಷೆಯಲ್ಲಿ ಈ ಜಾಗವನ್ನು ಖಾಲಿ ಬಿಟ್ಟಿದ್ದರು. ಈಗ ಸ್ಮಾರಕ. ಒಳಗೆ ಇದ್ದು ಬಂದವರೇ ಕೆಲವು ಸಲ ಜನರನ್ನು ಸುತ್ತಿಸುತ್ತಾರೆ. ಕಿಟಕಿಯ ಬದಲು ಗಾಜಿನ ಇಟ್ಟಿಗೆ, ಉದ್ದಕ್ಕೂ ಒಂದೇ ಥರದ ವಿಚಾರಣೆ ಕೋಣೆಗಳು. ಅದೇ ಸಂಜೆಗಳಲ್ಲಿ ಆಚೆ ವೆಲ್ಲಿಯಲ್ಲಿ ಪಂದ್ಯ ನಡೆಯುತ್ತಿತ್ತು, ಎರಡನ್ನೂ ನಡೆಸಿದ ಮನುಷ್ಯ ಒಬ್ಬನೇ. ಅಕ್ಕ ನಮ್ಮ ಜೊತೆ ಬಂದಿದ್ದಳು. ಟ್ರಾಮ್‌ನಲ್ಲಿ ವಾಪಸ್ ಬರುವಾಗ, ಬರ್ಲಿನ್‌ಗೆ ಹಾಕಿ ನೋಡಲು ಬಂದವರು ಎರಡನ್ನೂ ಒಂದೇ ದಿನ ನೋಡಬೇಕು ಅಂದಳು. ನಾನೂ ಅದನ್ನೇ ಹೇಳುತ್ತೇನೆ.

ಭಾನುವಾರ: ಗಾಜಿನ ಊರು ವೈಸ್‌ವಾಸರ್

ಬರ್ಲಿನ್‌ನಿಂದ ಕೊಟ್‌ಬುಸ್‌ಗೆ ಒಂದು ರೈಲು, ಅಲ್ಲಿಂದ ಗ್ಯೋರ್ಲಿಟ್ಸ್ ಕಡೆ ಹೋಗುವ ಸಣ್ಣ ರೈಲು. ದಾರಿಯಲ್ಲಿ ಸ್ಪ್ರೇವಾಲ್ಡ್‌ನ ಕಾಲುವೆಗಳು, ಪೈನ್ ಕಾಡು. ನಿಲ್ದಾಣದ ಬೋರ್ಡುಗಳು ಎರಡು ಭಾಷೆಯಲ್ಲಿವೆ, ಜರ್ಮನ್ ಮತ್ತು ಸೋರ್ಬಿಯನ್. ಸೋರ್ಬರು ಇಲ್ಲಿನ ಸ್ಲಾವ್ ಮೂಲದ ಜನ. ವೈಸ್‌ವಾಸರ್ ಇಳಿದಾಗ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಜೊತೆ ಇಳಿದವರಲ್ಲಿ ಅರ್ಧ ಜನ ಹಾಕಿಗೆ ಬಂದವರೇ.

ಇದು ಗಾಜಿನ ಊರು. ಒಂದು ಕಾಲದಲ್ಲಿ ಯುರೋಪಿನ ದೊಡ್ಡ ಗಾಜಿನ ಕೇಂದ್ರಗಳಲ್ಲಿ ಒಂದು. ಬೌಹೌಸ್ ಅನ್ನುವ ಹೆಸರಾಂತ ವಿನ್ಯಾಸ ಶಾಲೆಯಿಂದ ಬಂದ ವಿನ್ಯಾಸಕಾರ ವಿಲ್‌ಹೆಲ್ಮ್ ವಾಗನ್‌ಫೆಲ್ಡ್ 1930ರ ದಶಕದಲ್ಲಿ ಇಲ್ಲಿನ ಕಾರ್ಖಾನೆಗೆ ಅಡುಗೆಮನೆಯ ಗಾಜಿನ ಡಬ್ಬಿಗಳನ್ನು ರೂಪಿಸಿದ. ಗಾಜಿನ ಮ್ಯೂಸಿಯಂನಲ್ಲಿ ಅವನ್ನು ನೋಡಿದೆವು, ಒಂದರ ಮೇಲೊಂದು ಜೋಡಿಸಿ ಇಡುವಂಥವು, ಇವತ್ತಿನ ಅಂಗಡಿಯಲ್ಲಿ ಇಟ್ಟರೂ ಹೊಸದು ಅನ್ನಿಸುತ್ತವೆ. ಈ ಗಾಜಿನ ಕೆಲಸಗಾರರ ಊರಲ್ಲಿ 1932ರಲ್ಲಿ, ಬ್ರೌನ್‌ಸ್ಟೈಷ್ ಅನ್ನುವ ಕೆರೆ ಹೆಪ್ಪುಗಟ್ಟಿದಾಗ, ಐಸ್ ಹಾಕಿ ಶುರುವಾಯಿತು. ಗೋಡೆ ಬೀಳುವ ಮುಂಚೆ ಊರಲ್ಲಿ 35 ಸಾವಿರಕ್ಕೂ ಹೆಚ್ಚು ಜನ ಇದ್ದರು. ಈಗ ಅರ್ಧವೂ ಇಲ್ಲ. ಗಾಜಿನ ಕಾರ್ಖಾನೆಗಳಲ್ಲಿ ಹೆಚ್ಚಿನವು ಹೋದವು, ಯುವಕರು ಹೋದರು. ಖಾಲಿ ಅಪಾರ್ಟ್‌ಮೆಂಟ್ ಬ್ಲಾಕುಗಳನ್ನು ಕೆಡವಿದ ಜಾಗಗಳಲ್ಲಿ ಹುಲ್ಲು ಬೆಳೆದಿದೆ. ಹಾಕಿ ಮಾತ್ರ ಹೋಗಲಿಲ್ಲ.

ಪೂರ್ವ ಜರ್ಮನಿಯಲ್ಲಿ ವೈಸ್‌ವಾಸರ್ 25 ಸಲ ಚಾಂಪಿಯನ್. 1951ರಿಂದ 1965ರವರೆಗೆ ಸತತ 15, ಆಮೇಲೆ 1969ರಿಂದ 1975ರವರೆಗೆ ಏಳು, ಮತ್ತೆ 1981, 1989, 1990. ಬರ್ಲಿನ್ 15 ಸಲ. ಇಷ್ಟು ಚಿಕ್ಕ ಊರು ರಾಜಧಾನಿಯ ತಂಡವನ್ನು ದಶಕಗಟ್ಟಲೆ ಕಾಡಿತು ಅನ್ನುವುದು ಇಲ್ಲಿನವರಿಗೆ ಇವತ್ತಿಗೂ ಊಟದಷ್ಟೇ ಮುಖ್ಯ. ಬರ್ಲಿನ್ ಗೆದ್ದ ಕಪ್‌ಗಳಲ್ಲೂ ಈ ಊರಿನವರ ಪಾಲಿದೆ ನೋಡಿ. ಆಟಗಾರನಾಗಿ, ಆಮೇಲೆ ಕೋಚ್ ಆಗಿ ದಶಕಗಟ್ಟಲೆ ಬರ್ಲಿನ್ ಕ್ಲಬ್ಬಿನ ಜೊತೆ ಇದ್ದು 2019ರಲ್ಲಿ ತೀರಿಕೊಂಡ ಹಾರ್ಟ್‌ಮುಟ್ ನಿಕೆಲ್ ಹುಟ್ಟಿದ್ದು ವೈಸ್‌ವಾಸರ್‌ನಲ್ಲಿ. ಹಿಮಕರಡಿಗಳ ಜೊತೆ ಒಂಬತ್ತು ಡಿಇಎಲ್ ಕಪ್ ಗೆದ್ದ ಡಿಫೆಂಡರ್ ಫ್ರಾಂಕ್ ಹ್ಯೋರ್ಡ್ಲರ್ ಹುಟ್ಟಿದ್ದು ಪಕ್ಕದ ಬಾಡ್ ಮುಸ್ಕಾವ್‌ನಲ್ಲಿ. 2018ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಜರ್ಮನ್ ತಂಡದಲ್ಲಿ ಅವನೂ ಇದ್ದ, ಬರ್ಲಿನ್‌ನ ಯೋನಾಸ್ ಮ್ಯೂಲರ್ ಕೂಡ ಇದ್ದ. ರಷ್ಯನ್ನರ ವಿರುದ್ಧದ ಆ ಫೈನಲ್‌ನಲ್ಲಿ ಮೂರು ನಿಮಿಷ ಚಿಲ್ಲರೆ ಬಾಕಿ ಇರುವಾಗ 3-2 ಮಾಡಿದ್ದು ಮ್ಯೂಲರ್. ಕೊನೆಯ ನಿಮಿಷದಲ್ಲಿ ರಷ್ಯನ್ನರು ಸಮ ಮಾಡಿ, ಹೆಚ್ಚುವರಿ ಸಮಯದಲ್ಲಿ ಗೆದ್ದರು. ಹ್ಯೋರ್ಡ್ಲರ್‌ನ ಮಗ ಎರಿಕ್ ಕೂಡ ಆಟಗಾರನೇ, ಅಪ್ಪನ ಜೊತೆ ಬರ್ಲಿನ್ ತಂಡದಲ್ಲಿ ಆಡಿದವನು.

ಸಂಜೆ 2013ರಲ್ಲಿ ಕಟ್ಟಿದ ಹೊಸ ಐಸ್ ಅರೀನಾಕ್ಕೆ ಹೋದೆವು. ಸುಮಾರು 3 ಸಾವಿರ ಜನ ಹಿಡಿಯುವ ಹಾಲ್, ನೀಲಿ ಹಳದಿ ಬಣ್ಣ. ತಂಡದ ಹೆಸರು ಈಗ ಲೌಸಿಟ್ಸರ್ ಫ್ಯೂಕ್ಸೆ, ನರಿಗಳು. ಆಡುವುದು ಎರಡನೇ ದರ್ಜೆಯ ಲೀಗಿನಲ್ಲಿ. ಬರ್ಲಿನ್‌ನ ಯುವ ಆಟಗಾರರು ಇಲ್ಲಿಗೆ ಬಂದು ಆಡಿ ಪಳಗುತ್ತಾರೆ, ಎರಡೂ ಕ್ಲಬ್ಬುಗಳ ಮಧ್ಯೆ ಒಪ್ಪಂದ ಇದೆ. ಒಂದು ಕಾಲದಲ್ಲಿ ಇದ್ದ ಒಬ್ಬನೇ ಎದುರಾಳಿ ಈಗ ಹುಡುಗರನ್ನು ಬೆಳೆಸಿಕೊಡುವ ಮನೆ.

ಬ್ರೇಕಿನಲ್ಲಿ ಬ್ರೆಟ್ಸೆಲ್ ತರಲು ಹೋದಾಗ ಭಾವನ ಮಫ್ಲರ್ ನೋಡಿ ಹಿರಿಯರೊಬ್ಬರು ತಡೆದರು. 1970ರ ದಶಕದಿಂದ ಪಂದ್ಯ ನೋಡುತ್ತಿದ್ದಾರಂತೆ. ಬರ್ಲಿನ್‌ನವರಾ ಅಂತ ಕೇಳಿದರು. ಹೌದು ಅಂದರು ಭಾವ. 25, 15 ಅಂದರು ಅವರು, ಬೆರಳು ಮಡಚಿ. ಭಾವ ಬಿಡುತ್ತಾರಾ? 15ಕ್ಕೆ ಡಿಇಎಲ್‌ನ 11 ಸೇರಿಸಿ, 26 ಆಯಿತು, ಈಗ ನಾವು ಒಂದು ಮುಂದೆ ಅಂದರು. ಅದು ಬೇರೆ ದೇಶ, ಬೇರೆ ಲೀಗು, ಸೇರಿಸುವ ಹಾಗಿಲ್ಲ ಅಂತ ಹಿರಿಯರು. ಕ್ಲಬ್ಬು ಒಂದೇ ತಾನೇ, ಸೇರಿಸಲೇಬೇಕು ಅಂತ ಭಾವ. ಅಕ್ಕಪಕ್ಕದ ನಾಲ್ಕೈದು ಜನ ಬಂದು ಸೇರಿಕೊಂಡರು, ಎಲ್ಲರೂ ನರಿಗಳ ಕಡೆಯವರೇ. ಮೂರನೇ ಪೀರಿಯಡ್ಡಿನ ಸೈರನ್ ಕೂಗುವವರೆಗೂ ಇಬ್ಬರೂ ತಮ್ಮ ಲೆಕ್ಕ ಬಿಟ್ಟುಕೊಡಲಿಲ್ಲ.